ಸಣ್ಣ ತಿದ್ದುಪಡಿ

ಗುತ್ತಲು ರಸ್ತೆಯ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ
ಈಗ ಉಳಿದಿರುವುದು ಒಂದೇ ಟೈಪ್‌ರೈಟರು, ಅದೂ ಬಾಗಿಲು ಬಡಿಯದಂತೆ ಒತ್ತಿಗೆ.
ಎರಡು ಕಂಪ್ಯೂಟರಿವೆ. ಒಂದರಲ್ಲಿ ಒತ್ತಕ್ಷರದ ಕೀಲಿ ಸಡಿಲ.
ಅದರ ಮುಂದೆಯೇ ಬಂದು ಕೂತಳು ಮೋನಿಷಾ,
ಬಿ.ಎ. ಎರಡನೇ ವರ್ಷ, ಊಟದ ಡಬ್ಬಿ ಮಡಿಲಲ್ಲಿ.
"ವಿಶ್ವಕೋಶಕ್ಕೆ ಒಂದು ಲೇಖನ ಬರೀಬೇಕಂತೆ ಮೇಡಂ.
ಐದು ಅಂಕ."

ಯಾರ ಮೇಲೆ ಬರೀತೀಯೆ ಅಂದೆ.
"ನಮ್ ತಾತನ್ ಮೇಲೆ."

ಮೊದಲ ವಾಕ್ಯ ಹೀಗಿತ್ತು:
ನಮ್ಮ ತಾತ ದೊಡ್ಡೀರಯ್ಯನವರು ನಾಲೆಯ ಸೌಡಿಯಾಗಿ
ಬಹಳ ಪ್ರಾಮಾಣಿಕವಾಗಿ ದುಡಿದ ಮಹಾನ್ ವ್ಯಕ್ತಿ.

'ನಮ್ಮ' ತೆಗಿ. ಇಲ್ಲಿ ಯಾರಿಗೂ ಯಾರೂ ನಮ್ಮವರಲ್ಲ.
ತೆಗೆದಳು.
'ಬಹಳ' ತೆಗಿ. ಎಷ್ಟು ಅಂತ ಅಳೆದವರಿಲ್ಲ.
'ಮಹಾನ್' ತೆಗಿ. ಅದಕ್ಕೆ ಕಾರಣ ಹೇಳಲಿಲ್ಲ.
'ಪ್ರಾಮಾಣಿಕ', ಯಾರು ಹೇಳಿದ್ದು?
"ಊರೋರೆಲ್ಲ."
ಊರೋರು ಯಾವ ಪುಟದಲ್ಲಿ ಹೇಳಿದ್ದಾರೆ?

ಒಂದೊಂದೇ ಪದ ಎದ್ದು ಹೋಗಿ
ಎಲೆ ಎತ್ತಿದ ಪಂಕ್ತಿಯಂತಾಯಿತು ಪರದೆ.
ಉಳಿದದ್ದು: ದೊಡ್ಡೀರಯ್ಯ, ಸೌಡಿ, ಒಂದು ಚುಕ್ಕಿ.
ಆ ಚುಕ್ಕಿಯನ್ನೇ ನೋಡುತ್ತ ಅಂದಳು,
"ತಾತ ಇಷ್ಟು ಸಣ್ಣೋರಲ್ಲ ಮೇಡಂ."

ರಾತ್ರಿ ಹತ್ತರೊಳಗೆ ಯಾರೋ ಪುಟ ಅಳಿಸಿದರು.
ಯಾರೋ ಅಲ್ಲ, ಹದಿನಾಲ್ಕು ವರ್ಷದ ಪರಿಚಯ,
ಮುಖ ಕಂಡಿಲ್ಲ ಅಷ್ಟೆ.
ಕಾರಣ ಬರೆದಿದ್ದರು, ಮರ್ಯಾದೆಯಿಂದಲೇ: ಗಮನಾರ್ಹವಲ್ಲ.
ಅಳುತ್ತಾಳೆ ಅಂದುಕೊಂಡೆ.
ಅವಳು ಕೇಳಿದ್ದು ಇದು:
"ಗಮನಾರ್ಹ ಅಂದ್ರೆ, ಯಾರಾದ್ರೂ ಗಮನಿಸಿರಬೇಕು ಅಂತಾನಾ,
ಗಮನಿಸೋ ಹಂಗೆ ಇರಬೇಕು ಅಂತಾನಾ?"

ಮೂವತ್ತು ವರ್ಷ ಅಕ್ಷರ ಕುಟ್ಟಿಸಿದವಳು ನಾನು.
ಎದ್ದು ಹೋಗಿ ನೀರು ಕುಡಿದು ಬಂದೆ.

ತಾತ ಬೇಡ, ತಾತನ ಕೆಲಸ ಹಿಡಿ ಅಂದೆ.
ಅದಕ್ಕಾಗಲೇ ಪುಟವಿದೆ, ನೋಡು,
ಏಳು ವರ್ಷದ ಹಿಂದೆ ನಾನೇ ಶುರುಮಾಡಿದ್ದು.
(ದನಿಯಲ್ಲಿ ತುಸು ಬೆಲ್ಲ ಜಾಸ್ತಿಯೇ ಇತ್ತು.)
ಸೌಡಿ: ನಾಲೆಯ ಕಾವಲುಗಾರ.

ವೇಲು ಬಾಯಿಗೆ ಅಡ್ಡ ಹಿಡಿದು ನಕ್ಕಳು.
"ನಾಲೆ ಯಾಕ್ ಕಾಯ್ಬೇಕು ಮೇಡಂ, ಯಾರ್ ಹೊತ್ಕೊಂಡೋಯ್ತಾರೆ ಅದ?
ನೀರು ಹಂಚೋನು ಸೌಡಿ.
ಬಾಲದ್ ಗದ್ದೆಗೆ ನೀರ್ ಮುಟ್ಟೋಗಂಟ
ತಾತ ತೂಬಿನ್ ಮೇಲೇ ಮಲಗ್ತಿತ್ತು.
ಒಂದ್ಸಲ ಸರದಿ ಬರ್ನಿಲ್ಲ ಅಂತ ಸ್ವಂತ ಗದ್ದೆಗೇ ನೀರ್ ಬಿಡ್ನಿಲ್ಲ.
ಅಜ್ಜಿ ಮೂರ್ ದಿನ ಮಾತಾಡ್ನಿಲ್ಲ."

ಕೇಳಬಾರದಿತ್ತು. ಕೇಳಿದೆ:
ಉಲ್ಲೇಖ?

ಆಮೇಲೆ ಎರಡು ವಾರ ಅವಳ ಸುದ್ದಿಯಿಲ್ಲ.
ನೀರಾವರಿ ಕಚೇರಿಯಲ್ಲಿ ಸೋಮವಾರ ಬಾ ಅಂದರಂತೆ,
ಸೋಮವಾರ ಹೋದರೆ ಬೀರುವಿನ ಕೀಲಿ ಇಟ್ಟವರು ಮದುವೆಗೆ ಹೋಗಿದ್ದರಂತೆ.
ಕೊನೆಗೆ ಯಾರದೋ ನಿವೃತ್ತಿಯ ನೆನಪಿನ ಸಂಚಿಕೆ,
ನಲವತ್ತೊಂದನೇ ಪುಟ, ಒಂದೂವರೆ ಸಾಲು.
ಮೊಬೈಲಲ್ಲಿ ಹಿಡಿದ ಚಿತ್ರದ ಮೂಲೆಯಲ್ಲಿ
ಅವಳದೇ ಹೆಬ್ಬೆರಳು.

ಶನಿವಾರ ನಾನು ಹಾಲಿಗೆ ಹೋದ ಹೊತ್ತಲ್ಲಿ
ಬಂದು, ಬರೆದು, ಹೋಗಿದ್ದಳು.
ರಾತ್ರಿ ನೋಡುತ್ತೇನೆ, ನನ್ನ ಸಾಲೇ ಇಲ್ಲ.
ಪಕ್ಕದಲ್ಲಿ ಕಾರಣ: ತಪ್ಪಿತ್ತು, ಸರಿಮಾಡಿದೆ.

ಬೆರಳು ತಾನಾಗಿಯೇ 'ರದ್ದುಮಾಡು' ಕಡೆ ಜಾರಿತು.
ಹಳೇ ಬೆರಳು.
ಮೈಸೂರಿನ ರೈಲು ಹೋಯಿತು, ಕಿಟಕಿ ಗಾಜು ನಡುಗಿ ಸುಮ್ಮನಾಯಿತು.
ಓದಿದೆ:

ನಾಲೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಹಂಚುವವನು.
ಕೊನೆಯ ಗದ್ದೆಗೆ ಮುಟಟುವವರೆಗೆ ಹೊಣೆ ಅವನದು. [೧]

'ನಮ್ಮ' ಇಲ್ಲ. 'ಬಹಳ' ಇಲ್ಲ.
ದೊಡ್ಡೀರಯ್ಯನ ಹೆಸರೂ ಇಲ್ಲ.
ತೂಬಿನ ಕಲ್ಲಿನ ಮೇಲೆ ಕಂಬಳಿ ಹೊದ್ದು
ಮಲಗಿದ್ದ ಅಲ್ಲೇ, ಎರಡನೇ ಸಾಲಿನಲ್ಲಿ.

ಒಂದು ಒತ್ತು ಬಿಟ್ಟಿತ್ತು, ಅದೇ ಸಡಿಲ ಕೀಲಿ.
ಅದನ್ನಷ್ಟೇ ಹಾಕಿದೆ.
ಕಾರಣದ ಜಾಗದಲ್ಲಿ ಬರೆದೆ:
ಸಣ್ಣ ತಿದ್ದುಪಡಿ.