ಉಪ್ಪುಕಾಗದ

ಗೀರು ಒಂದು ಗೇಣು, ಮೇಲೆ ನಾಲ್ಕು ಬೆರಳು.
ಅಳೆದದ್ದು ನಾನೇ, ಯಾರೂ ಏಳುವ ಮೊದಲು,
ಹಲ್ಲುಜ್ಜುತ್ತ, ನೈಟಿಯ ಮೇಲೆ ಟವೆಲು ಹೊದ್ದು.

ಮೈದುನ ಗಾದಿಲಿಂಗ ನೋಡಿದವನೇ ತೀರ್ಪು ಕೊಟ್ಟ:
"ಇದು ಅದಿರು ಲಾರಿಯವರ ಕೆಲಸ ಅತ್ತಿಗೆ,
ಸಂಡೂರು ರೋಡಿನಾಗ ಕಣ್ಣು ಮುಚ್ಚಿ ಓಡಿಸ್ತಾರ."
ಹೂಂ ಅಂದೆ.
ನಮ್ಮ ಯೂನಿಟ್ಟಿನ ಗೇಟಿನ ಕಲ್ಲುಕಂಬ ಏನೂ ಅನ್ನಲಿಲ್ಲ.
ಅದರ ಮೊಣಕಾಲ ಮೇಲೆ ಇನ್ನೂ ಇದೆ
ನನ್ನ ಮೊದಲ ರಿವರ್ಸಿನ ಸುಣ್ಣ.

ಅಂದಿನಿಂದ ಓಣಿಯೆಲ್ಲ ಬಂಪರು ಡಾಕ್ಟರು.
ಟೂತ್‌ಪೇಸ್ಟು ತಿಕ್ಕು ಅಂದರೊಬ್ಬರು. ಕ್ಲೇಮು ಮಾಡು ಅಂದರೊಬ್ಬರು.
ಮಾಡಿದರೆ ಮುಂದಿನ ವರ್ಷದ ರಿಯಾಯಿತಿ ಹೋಗುತ್ತದೆ,
ಲೆಕ್ಕ ಹಾಕಿದೆ, ಗೀರಿಗಿಂತ ಅದೇ ಉದ್ದ.
ಗುಂಡಿ ಹಚ್ಚುವ ಹುಲಿಗೆಮ್ಮ ಅಂದಳು:
"ಪಾತರಗಿತ್ತಿ ಸ್ಟಿಕ್ಕರ್ ಅಂಟಿಸಿಬಿಡ್ರಿ ಅಕ್ಕಾ, ರೆಕ್ಕಿ ಅಗಲ ಇರೋದು."
ಶೋರೂಮಿನ ಹುಡುಗ ಮುಟ್ಟಲೂ ಇಲ್ಲ,
ಫೋನು ನೋಡಿಕೊಂಡೇ ಹೇಳಿದ: ಹೊಸದು ಹಾಕಬೇಕು,
ಒಂಬತ್ತು ಸಾವಿರದ ಮುನ್ನೂರು, ಬಣ್ಣ ಬೇರೆ.
ಬಣ್ಣ ಬೇರೆ ಅಂದರೆ ಬೇರೆ ಬಣ್ಣವೋ ಅಂತ ಹೆದರಿದೆ.
ಬೇರೆ ದುಡ್ಡಂತೆ.

ಇಪ್ಪತ್ತೆರಡು ವರ್ಷದಿಂದ ಗೀರುವುದೇ ನನ್ನ ಕಸುಬು.
ಹೊಸ ಜೀನ್ಸಿನೊಳಗೆ ರಬ್ಬರಿನ ಕಾಲು ತೂರಿಸಿ
ತೊಡೆಯ ಮೇಲೆ ಉಪ್ಪುಕಾಗದ ಎಳೆದರೆ
ಬೆಳ್ಳಗಾಗುತ್ತ ಬರುತ್ತದೆ ಬಟ್ಟೆ,
ಯಾರೋ ಹತ್ತು ವರ್ಷ ತೊಟ್ಟು, ಕೂತು ಎದ್ದ ಹಾಗೆ.
ಗೀರಿದ್ದಕ್ಕೆ ನಲವತ್ತು ರೂಪಾಯಿ ಜಾಸ್ತಿ,
ಮಂಡಿ ಹರಿದರೆ ಇನ್ನೂ ಅರವತ್ತು.
ನಮ್ಮೆಲ್ಲರ ಉಗುರು ನೀಲಿ.
ಅನ್ನ ಕಲಸಿದರೂ ನೀಲಿ, ಗೋರಂಟಿ ಇಟ್ಟರೂ ನೀಲಿ.
ಕಾರಿನವರಿಗೆ ಈ ಲೆಕ್ಕ ಹೇಳಿ ನೋಡಿ.

ಕೌಲ್ ಬಜಾರಿನ ಹೊನ್ನೂರಸಾಬ
ಬಂಪರಿನ ಎದುರು ಕುಕ್ಕರುಗಾಲಲ್ಲಿ ಕೂತ.
ಕೆಂಪು ಧೂಳು ಒರೆಸಿದ. ಹೆಬ್ಬೆರಳ ಉಗುರಿನಿಂದ ಗೀರಿನೊಳಗೆ ಹೋದ.
ಹೋದವನು ಬಹಳ ಹೊತ್ತು ಬರಲಿಲ್ಲ.
"ಅಕ್ಕಾ, ಗಾಡಿ ಸೆಕೆಂಡ್ ಹ್ಯಾಂಡೇನು?"
"ಒಬ್ಬರೇ ಓನರು, ಡಾಕ್ಟರಮ್ಮ. ಒಂದು ಗೀರೂ ಇಲ್ಲ ಅಂದಿದ್ದ ಬ್ರೋಕರು."
"ಗೀರಿರಲಿಲ್ಲ, ಅದು ಖರೆ. ಬಂಪರು ಈ ಗಾಡೀದಲ್ಲ. ನೋಡ್ರಿ."

ಬಿಳಿಯ ಕೆಳಗೆ ನೀಲಿ.
ಮೊದಲ ನೀರು ಕಾಣದ ಬಟ್ಟೆಯ ನೀಲಿ.
ಜೀವಮಾನವೆಲ್ಲ ಈ ಕಡೆಯಿಂದ ಉಜ್ಜಿದವಳು ನಾನು,
ಇದು ಆ ಕಡೆಯಿಂದ ಬಂದಿದೆ.
ಎಲ್ಲೋ ಗುಜರಿಯಲ್ಲಿ ಒಂದು ನೀಲಿ ಕಾರು
ಬೆನ್ನಿಲ್ಲದೆ ನಿಂತಿರಬೇಕು.
ಯಾವ ರಸ್ತೆಯೋ. ಒಳಗೆ ಯಾರಿದ್ದರೋ.
ಹೊನ್ನೂರಸಾಬ ಅದನ್ನೆಲ್ಲ ಕೇಳಲಿಲ್ಲ, ಕೇಳಿದ್ದಿಷ್ಟು:
"ಗೀರಿಗಷ್ಟೇ ಹಚ್ಚಲೇನು, ಪೂರಾ ಹೊಡೀಲೇನು?"

ಗೀರಿಗಷ್ಟೇ ಎಂಟುನೂರು. ತೇಪೆ ಬಿಸಿಲಿಗೆ ಕಾಣುತ್ತದೆ,
ಬಳ್ಳಾರಿಯಲ್ಲಿ ಬಿಸಿಲಿಗೇನು ಬರವೇ.
ಪೂರಾ ಅಂದರೆ ಎರಡು ಸಾವಿರದ ಎಂಟುನೂರು, ಉಜ್ಜುವ ಕೂಲಿ ಸೇರಿ.
"ಉಜ್ಜೋ ಕೂಲಿ ಎಷ್ಟು?"
"ಆರುನೂರು."
"ಕಾಗದ ಕೊಡು ಇಲ್ಲಿ."

ನಕ್ಕ. ಆಮೇಲೆ ನನ್ನ ಉಗುರು ನೋಡಿ ನಗು ನಿಲ್ಲಿಸಿದ,
ನಾನೂರನೇ ನಂಬರು ಅರ್ಧ ಹರಿದು ಕೊಟ್ಟ, ಮಗ್ಗಿನಲ್ಲಿ ನೀರು.
ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಂಪು ನೆಲಕ್ಕೆ ಕೂತೆ.
ಮೊದಲು ಅಂಚು. ಅಂಚು ಸಾಯದೆ ಬಣ್ಣ ಕೂರುವುದಿಲ್ಲ,
ಇದನ್ನು ಅವನು ಹೇಳಬೇಕಾಗಲಿಲ್ಲ.
ಬೆರಳು ತನ್ನ ದಾರಿ ತಾನೇ ಹೋಯಿತು.
ಬಿಳಿ ಹಾಲಾಗಿ ಮೊಣಕೈಗಿಳಿಯಿತು,
ನೀಲಿ ಅಂಗೈಯಷ್ಟಾಯಿತು, ಊಟದ ತಟ್ಟೆಯಷ್ಟಾಯಿತು.
"ಸಾಕು ಅಕ್ಕಾ, ಬಟ್ಟಿ ಅಲ್ಲ ಅದು, ತೂತು ಬಿದ್ದೀತು!"

ಪ್ರೈಮರ್ ಮುಗಿದಿದೆಯಂತೆ. ನಾಳೆ ಶುಕ್ರವಾರ, ಅಂಗಡಿ ಇಲ್ಲ.
ಶನಿವಾರದತನಕ ಹೀಗೇ ಓಡಿಸಬೇಕು.

ಗಾದಿಲಿಂಗ ಬಾಗಿಲಲ್ಲೇ ಹಿಡಿದ:
"ಏನತ್ತಿಗೆ, ರಿಪೇರಿಗೆ ಹೋಗಿ ಗೀರು ದೊಡ್ಡದು ಮಾಡಿಸ್ಕೊಂಡು ಬಂದೀರಿ!
ಮತ್ತ ಲಾರಿಯೇನು?"
"ಇಲ್ಲ, ನಾನೇ" ಅಂದೆ.
ಯಾವ ಗೀರಿನ ಮಾತೆಂದು ಅವನು ಕೇಳಲಿಲ್ಲ.
ನಾನು ಕೀಲಿಕೈ ಮೊಳೆಗೆ ಹಾಕಿದೆ.