ಜ್ಞಾನತಂದೆ

ಹಾಸನದ ಆಲೂಗೆಡ್ಡೆ ಮಂಡಿಯಿಂದ ನೇರ ಗುಡಿಗೆ ಬಂದೆ,
ಉಗುರಲ್ಲಿನ್ನೂ ಕೆಮ್ಮಣ್ಣು.
ಇನ್ನಾಸಪ್ಪನ ಮೊಮ್ಮಗಳು, ಹನ್ನೊಂದು ದಿನದ ಕೂಸು,
ನನ್ನ ತೋಳ ಮೇಲೆ ಹಾಲು ಕಕ್ಕಿ ಮಲಗಿತ್ತು.

‘ಸೈತಾನನನ್ನು ತ್ಯಜಿಸುವೆಯಾ?’
ಫಾದರ್ ಕೇಳಿದರು.
ಅದಕ್ಕೆಲ್ಲಿಯ ಮಾತು?
ಅದರ ಪರವಾಗಿ ನಾನೇ ಅಂದೆ:
ತ್ಯಜಿಸುತ್ತೇನೆ.

ಬೆಳಿಗ್ಗೆ, ದುದ್ದದ ಮುದುಕನ ಗೆಡ್ಡೆ ತೂಗುವಾಗ
ಕಲ್ಲಿನ ತಟ್ಟೆಗೆ ಹೆಬ್ಬೆಟ್ಟು ಒತ್ತಿದ್ದೆ, ಮೆಲ್ಲಗೆ.
ಮಣಕ್ಕೆ ಒಂದು ಕೇಜಿ.
ಅಪ್ಪ ಕಲಿಸಿದ್ದು. ಅಪ್ಪನಿಗೆ ಅವರಪ್ಪ.
ಅದರಾಚೆ
ಯಾವ ತೋಟವೋ, ಯಾವ ಹಣ್ಣೋ, ನಾ ಕಾಣೆ.

ಜನ್ಮಪಾಪ ತೊಳೆಯಲೆಂದು
ನೆತ್ತಿಗೆ ಮೂರು ಸಲ ನೀರು.
ಕೂಸು ಬೆಚ್ಚಿತು, ಅಳಲಿಲ್ಲ,
ಕಣ್ಣೂ ಬಿಡದೆ ತಡಕಾಡಿ ಹಿಡಿಯಿತು
ಅದೇ ಹೆಬ್ಬೆಟ್ಟು.

ಬಿಡಿಸಿಕೊಳ್ಳಲು ನೋಡಿದೆ.
ಎಂಥ ಹಿಡಿತ ಅದರದ್ದು,
ಬಿಡಲೊಲ್ಲದು.