ಹಕ್ಕಿಯ ಹೆಸರಿನವರು

ಮೂವತ್ತೊಂದು ವರ್ಷ ವೋರು ಪಟ್ಟಣದ ಅಂಚೆಮನೆಯಲ್ಲಿ
ಕಾಗದ ವಿಂಗಡಿಸಿದವಳು ನಾನು.
ಕುಡುಕರ ಕೈಬರಹ, ಗಡಿಬಿಡಿಯ ಪ್ರೇಮಿಗಳದ್ದು,
ಸೇನೆಗೆ ಹೋದ ಹುಡುಗರ ಮಾಸಿದ ಪೆನ್ಸಿಲು,
ಓದಲಾರದೆ ವಾಪಸು ಕಳಿಸಿದ್ದು ಬಹಳವಿಲ್ಲ.

ಆದರೂ ಟಾರ್ಟುವಿನ ದಫ್ತರಖಾನೆಯ ಆ ಪುಸ್ತಕ
ಮೊದಲ ದಿನ ನನ್ನನ್ನು ಸೋಲಿಸಿತು.
ಜರ್ಮನ್ ಅಕ್ಷರ, ಬೇಲಿಗೆ ನೆಟ್ಟ ಗೂಟಗಳ ಹಾಗೆ
ಒಂದೇ ಎತ್ತರ, ಒಂದೇ ಓರೆ;
ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವೋ
ಬರೆದ ಗುಮಾಸ್ತನಿಗೇ ಗೊತ್ತು.

'ಆತ್ಮಗಳ ಎಣಿಕೆ' ಎಂದು ಅದರ ಹೆಸರು.
ಆತ್ಮ ಎಂದರೆ ಅಲ್ಲಿ ತೆರಿಗೆ.
ಎಡಗಡೆ ಗಂಡಸರು, ವಯಸ್ಸಿನ ಸಮೇತ;
ಬಲಗಡೆ ಹೆಂಡತಿ ಆನ್, ಮಗಳು ಆನ್, ಸೊಸೆ ಆನ್.
ಒಂದೇ ಒಲೆಯ ಸುತ್ತ ಮೂವರು ಆನ್,
ಒಬ್ಬರನ್ನೊಬ್ಬರು ಏನೆಂದು ಕೂಗುತ್ತಿದ್ದರೋ.

ನಮ್ಮದು ಕುರ್ವಿಟ್ಸ್ ಮನೆತನ.
ಕುರ್ವಿಟ್ಸ್ ಎಂದರೆ ಉದ್ದ ಕೊಕ್ಕಿನ ಕಾಡುಹಕ್ಕಿ,
ಮುಸ್ಸಂಜೆ ಗೊರಗೊರ ಎನ್ನುತ್ತ ಹಾರುವುದು.
ಹಿಮದಲ್ಲಿ ದಾರಿ ತಪ್ಪಿದ ನಮ್ಮ ಹಿರಿಯನೊಬ್ಬನಿಗೆ
ಅದು ಮನೆ ತೋರಿಸಿತಂತೆ. ಅಜ್ಜಿಯ ಮಾತು.
ಹಿಮ ಬೀಳುವ ಮೊದಲೇ ಆ ಹಕ್ಕಿ ದಕ್ಷಿಣಕ್ಕೆ ಹೋಗುತ್ತದಲ್ಲ
ಎಂದು ಯಾರೂ ಕೇಳಲಿಲ್ಲ.

ನಿಜ ಇಷ್ಟೇ: ಸಾವಿರದ ಎಂಟುನೂರ ಇಪ್ಪತ್ತಾರು,
ಜೀತ ಕಳೆದವರಿಗೆಲ್ಲ ಮನೆತನದ ಹೆಸರು ಕೊಡಿ ಎಂದು ಅಪ್ಪಣೆ.
ಲೆಪಸಾರೆಯ ಧಣಿಗೆ ಬೇಟೆಯ ಹುಚ್ಚು.
ಸಾಲು ನಿಂತ ಒಕ್ಕಲಿಗೆ, ಒಂದು ಮಧ್ಯಾಹ್ನ,
ತಾನು ಹೊಡೆದ ಹಕ್ಕಿಗಳನ್ನೆಲ್ಲ ಹಂಚಿದ.
ಮಾಂಸ ಅವನಿಟ್ಟುಕೊಂಡ, ಹೆಸರು ನಮಗೆ.

ಅದರ ಹಿಂದೆ ಯಾನಿನ ಮಗ ಪೇಪ್, ಪೇಪನ ಮಗ ಯಾನ್,
ಬಾವಿಯ ರಾಟೆಗೆ ಏರುವ ಇಳಿಯುವ
ಅವೇ ಎರಡು ಬಿಂದಿಗೆ.

ಮೂರನೆಯ ದಿನ, ಪೇಪನ ಸಾಲಿನ ಅಂಚಿನಲ್ಲಿ
ಇರುವೆಯಷ್ಟು ಸಣ್ಣ ಅಕ್ಷರ:
ಕಿರಿಯವ ಮಾರ್ಟ್, ತೊರೆಯಾಚೆ ಮನೆಯಳಿಯನಾಗಿ ಹೋದ.
ತೊರೆಯಾಚೆ ಬೇರೆ ಜಮೀನು, ಬೇರೆ ಧಣಿ,
ಬೇರೆ ಪುಸ್ತಕ. ತರಿಸಿದೆ.
ಆ ಧಣಿಗೂ ಹಕ್ಕಿಯೇ ಹೊಳೆದಿತ್ತು. ಜೌಗಿನ ಕಪ್ಪು ಕಾಡುಕೋಳಿ.
ಪೇಪನ ಮಗ ಮಾರ್ಟ್, ಇನ್ನು ಮುಂದೆ ಟೆಡೆರ್.

ಟೆಡೆರ್.
ಓದುವ ಕೋಣೆಯಲ್ಲಿ ಕೆಮ್ಮುವುದೂ ತಪ್ಪು.
ಎದ್ದು ಹೋಗಿ ಕೋಟಿಲ್ಲದೆ ಬೀದಿಯಲ್ಲಿ ನಿಂತೆ.
ಮೂಲ ಹುಡುಕಬಾರದು ಎಂದು
ತಿಳಿದವರು ಹೇಳಿದ್ದು ಇದಕ್ಕೇ ಏನೋ.

ನಮ್ಮ ಮನೆಯಲ್ಲಿ ಆ ಹೆಸರು ಊಟದ ಹೊತ್ತಿಗೆ ಬರಕೂಡದು.
ಮೊದಲು ಜೌಗಿನಂಚಿನ ಹುಲ್ಲುಗಾವಲಿಗೆ ಜಗಳ:
ಎರಡು ಬಂಡಿ ಹುಲ್ಲು, ಮೂರು ತಲೆಮಾರು.
ಆಮೇಲೆ ನಲವತ್ತೊಂಬತ್ತರ ಮಾರ್ಚ್.
ಆ ಪಟ್ಟಿಗೆ ನಮ್ಮನ್ನು ಬರೆಸಿದವನು ಕಾರೆಲ್ ಟೆಡೆರ್ ಎಂದು ಅಜ್ಜಿ,
ದನದ ವ್ಯಾಗನ್ನಿನಲ್ಲಿ ಮೂರು ವಾರ,
ಓಮ್ಸ್ಕಿನಲ್ಲಿ ಎಂಟು ವರ್ಷ,
ತಿರುಗಿ ಬಂದು ಸಾಯುವ ತನಕ ಹೇಳಿದಳು.
ಅದು ನಿಜವೋ, ಹುಲ್ಲಿನ ಸಿಟ್ಟೋ.
ಆ ಕಡತವನ್ನೂ ಈಗ ನೋಡಬಹುದಂತೆ, ಅರ್ಜಿ ಕೊಟ್ಟರೆ.
ಕೊಟ್ಟಿಲ್ಲ.

ಶನಿವಾರ ಅಂಗಡಿಯಲ್ಲಿ ಕಾರೆಲನ ಮಗ ಎಲ್ಮಾರ್,
ಎಂಬತ್ತಾರರ ಮುದುಕ,
ನಾಯಿಯ ತಿಂಡಿಯ ಚೀಲ ಎತ್ತಲಾರದೆ ನಿಂತಿದ್ದ.
ಕಿವಿ ನೋಡಿದೆ. ಹಾಲೆ ಕೆನ್ನೆಗೇ ಅಂಟಿದೆ,
ನಮ್ಮಪ್ಪನಿಗಿದ್ದ ಹಾಗೆ.
ಅರ್ಧ ಊರಿಗೇ ಹಾಗಿರಬಹುದು,
ನಾನು ಇದುವರೆಗೆ ಕಿವಿ ನೋಡಿದವಳಲ್ಲ.
ಚೀಲದ ಒಂದು ತುದಿ ಹಿಡಿದೆ.
"ಟಾರ್ಟುವಿಗೆ ಹೋಗಿ ಏನೋ ಹುಡುಕುತ್ತೀಯಂತೆ, ಲೇಯ್ಡಾ?"
"ಹಕ್ಕಿಗಳನ್ನ" ಎಂದೆ.
"ಈ ವರ್ಷ ಕಡಿಮೆ" ಎಂದ. "ಜೌಗು ಒಣಗಿದೆ."
ಕಾರಿನ ತನಕ ಇಬ್ಬರೂ ಮಾತಾಡಲಿಲ್ಲ. ಚೀಲ ಭಾರವಿತ್ತು.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ
ಪೇಪನಿಂದ ಎರಡನೆಯ ಗೆರೆ ಎಳೆದೆ.
ಮಾರ್ಟ್. ಅವನ ಮಗ. ಅವನ ಮಗ.
ಕಾರೆಲ್ ಎನ್ನುವಲ್ಲಿ ಪೆನ್ಸಿಲಿನ ಮೊನೆ ಮುರಿಯಿತು.
ಹಳೆಯ ಪೆನ್ಸಿಲು, ಅದಕ್ಕೇನು ಅರ್ಥವಿಲ್ಲ.
ಚೂಪು ಮಾಡಿ ಬರೆದೆ.
ವಿಳಾಸ ಸರಿಯಿದ್ದರೆ ಸಾಕು,
ಕಾಗದ ಯಾರದೆಂದು ಕೇಳದೆ ಅದರ ಗೂಡಿಗೆ ಹಾಕುವುದೇ
ಅಷ್ಟು ವರ್ಷ ನಾನು ಮಾಡಿದ ಕೆಲಸ.